ಅಂಟಾರ್ಕ್ಟಿಕಾ ಕೆಲಸಕ್ಕೆ ಹೋಗೋರಿಗೆ: ದಾರೀಲಿ ಏನ್ ತಿನ್ಬೇಕು, ಏನ್ ಕುಡೀಬೇಕು

ಅಂಟಾರ್ಕ್ಟಿಕಾಗೆ ಸೆಲೆಕ್ಟ್ ಆದೆ ಅಂತ ಹೇಳಿದ ತಕ್ಷಣ ಮನೇಲಿ ಮೊದಲು ಬರೋ ಪ್ರಶ್ನೆ ಚಳಿ, ಎರಡನೇದು ಊಟ. ಅಮ್ಮಂದಿರು ಅವತ್ತಿಂದಲೇ ಸಾಂಬಾರ್ ಪುಡಿ ಕುಟ್ಟಿಸೋಕೆ ಶುರು ಮಾಡ್ತಾರೆ. ಆದ್ರೆ ಸ್ಟೇಷನ್ ಊಟದ ಬಗ್ಗೆ ಅಷ್ಟು ತಲೆ ಕೆಡಿಸ್ಕೊಳ್ಳೋದು ಬೇಡ, ಅಲ್ಲಿರೋ ನಮ್ಮ ದೇಶದ ಸಂಶೋಧನಾ ಕೇಂದ್ರಗಳು ಮೈತ್ರಿ ಆಗ್ಲಿ ಭಾರತಿ ಆಗ್ಲಿ, ಟೀಮಲ್ಲೇ ಅಡುಗೆಯವರು ಇರ್ತಾರೆ, ಅನ್ನ ಬೇಳೆ ಚಪಾತಿ ಪಲ್ಯ ಎಲ್ಲಾ ಆಗತ್ತೆ, ನೀವೂ ಸರದಿ ಪ್ರಕಾರ ಗ್ಯಾಲಿ ಡ್ಯೂಟಿ, ಅಂದ್ರೆ ಅಡುಗೆಮನೆ ಕೆಲಸ ಮಾಡ್ತೀರ. ಅಲ್ಲಿ ನಿಜವಾಗ್ಲೂ ಇಲ್ಲದೇ ಇರೋದು ತಾಜಾ ಪದಾರ್ಥ. ಕೊತ್ತಂಬರಿ ಸೊಪ್ಪು, ಸೌತೆಕಾಯಿ, ಆಗ ತಾನೇ ಕೊಯ್ದ ಹಣ್ಣು, ಹಸಿ ಮೆಣಸಿನಕಾಯಿ ಇಂಥವು ಮೊದಲ ಕೆಲವು ವಾರ ಇದ್ರೆ ಪುಣ್ಯ, ಆಮೇಲೆ ಫ್ರೋಜನ್ ಬಟಾಣಿ, ಟಿನ್, ಹಾಲಿನ ಪುಡಿ, ಒಣಗಿದ್ದು, ಇಷ್ಟೇ. ಹಾಗಾಗಿ ನಾನು ಹೋಗೋ ಎಲ್ಲರಿಗೂ ಹೇಳೋದು ಒಂದೇ ಮಾತು, ಹೋಗೋವಾಗ ದಾರಿಯುದ್ದಕ್ಕೂ ತಾಜಾದನ್ನೇ ಹುಡುಕಿ ಹುಡುಕಿ ತಿನ್ನಿ, ಬರೋವಾಗ ಅದನ್ನೇ ನಿಧಾನವಾಗಿ ತಿನ್ನಿ. ತುಂಬಾ ಜನ ಇದನ್ನ ಉಲ್ಟಾ ಮಾಡ್ತಾರೆ. ಹೋಗೋವಾಗ "ಇನ್ನು ಸಿಗಲ್ಲ" ಅಂತ ಬಿರಿಯಾನಿ ಮೇಲೆ ಬಿರಿಯಾನಿ ಹೊಡೀತಾರೆ, ಬಿರಿಯಾನಿ ಅಲ್ಲಿ ಭಾನುವಾರ ಭಾನುವಾರ ಸಿಗತ್ತೆ, ಬರೋವಾಗ ಒಂದೇ ದಿನ ಒಂದು ಬುಟ್ಟಿ ಹಣ್ಣು ತಿಂದು ಹೊಟ್ಟೆ ಕೆಡಿಸ್ಕೊಳ್ತಾರೆ.

ದಾರಿ ಹೇಗಿರತ್ತೆ ಅಂತ ಮೊದಲು ಸ್ವಲ್ಪ ಹೇಳ್ತೀನಿ, ಊಟದ ಪ್ಲಾನ್ ಅದರ ಮೇಲೇ ನಿಂತಿರೋದು. ಎಲ್ಲಾ ವ್ಯವಸ್ಥೆ ನೋಡ್ಕೊಳ್ಳೋದು ಗೋವಾದ ವಾಸ್ಕೋದಲ್ಲಿರೋ ಎನ್‌ಸಿಪಿಒಆರ್, ಅಂದ್ರೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. 1981ರ ಡಿಸೆಂಬರಲ್ಲಿ ಮೊದಲನೇ ತಂಡ ಹೋದಾಗ ಗೋವಾದಿಂದಲೇ ನೇರ ಹಡಗು ಹತ್ತಿ ಹೋಗಿದ್ರು. ಈಗ ಹೆಚ್ಚಿನವರು ಇಲ್ಲಿಂದ ವಿಮಾನದಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಹೋಗಿ, ಅಲ್ಲಿಂದ ಒಂದೋ ಇಲ್ಯೂಶಿನ್-76 ಅನ್ನೋ ದೊಡ್ಡ ರಷ್ಯನ್ ಕಾರ್ಗೋ ವಿಮಾನದಲ್ಲಿ ಸುಮಾರು ಆರು ಗಂಟೆ ಹಾರಿ ಅಂಟಾರ್ಕ್ಟಿಕಾದ ಐಸ್ ಮೇಲಿರೋ ನೋವೊ ರನ್‌ವೇಲಿ ಇಳೀತಾರೆ, ಮೈತ್ರಿ ಅಲ್ಲಿಗೆ ಹತ್ತಿರ, ಇಲ್ಲಾಂದ್ರೆ ಹಡಗಲ್ಲಿ ಹತ್ತು ಹದಿನೈದು ದಿನ. ಸೀಸನ್ ನವೆಂಬರಿಂದ ಮಾರ್ಚ್ ತನಕ, ಅಂದ್ರೆ ಅಲ್ಲಿನ ಬೇಸಿಗೆ. ಅಂದ್ರೆ ಕೇಪ್‌ಟೌನ್‌ನಲ್ಲೂ ಬೇಸಿಗೆ, ಹಣ್ಣಿನ ಕಾಲ. ಇದು ನಮ್ಮ ಅದೃಷ್ಟ.

ಮನೆಯಿಂದ ಏನು ಕಟ್ಕೊಂಡು ಹೋಗೋದು ಅನ್ನೋದಕ್ಕೆ ಬರೋಣ. ಹಾಲಿನ ಪದಾರ್ಥ, ಜೇನುತುಪ್ಪ, ಮಾಂಸ, ತಾಜಾ ಹಣ್ಣು ತರಕಾರಿ, ಬಿತ್ತಿದ್ರೆ ಮೊಳೆಯೋ ಕಾಳು, ಇವನ್ನೆಲ್ಲ ಪರ್ಮಿಟ್ ಇಲ್ಲದೆ ದಕ್ಷಿಣ ಆಫ್ರಿಕಾ ಒಳಗೆ ತರಂಗಿಲ್ಲ. ಅದಕ್ಕೆ ಧಾರವಾಡ ಪೇಡ, ಬೆಳಗಾವಿ ಕುಂದಾ ಇದ್ಯಲ್ಲ, ಅದನ್ನ ಗೋವಾದಲ್ಲಿ ಟೀಮಿನವರ ಜೊತೆ ಕೂತು ಮುಗಿಸಿಬಿಡಿ, ಹೊಸಬರ ಜೊತೆ ಪರಿಚಯ ಆಗೋಕೂ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಅಂಟಾರ್ಕ್ಟಿಕಾಗೂ ಅದರದ್ದೇ ನಿಯಮ ಇದೆ, ಅಲ್ಲಿನ ಪರಿಸರ ಕಾಪಾಡೋಕೆ ದೇಶಗಳು ಮಾಡ್ಕೊಂಡ 1991ರ ಮ್ಯಾಡ್ರಿಡ್ ಪ್ರೋಟೋಕಾಲ್ ಅನ್ನೋ ಒಪ್ಪಂದದ ಪ್ರಕಾರ ಹೊರಗಿನ ಗಿಡ, ಬೀಜ, ಜೀವಿ ಯಾವುದೂ ಅಲ್ಲಿ ಸೇರಬಾರದು. ಇದನ್ನ ಬರೀ ಪೇಪರ್ ಮೇಲಿನ ನಿಯಮ ಅನ್ಕೋಬೇಡಿ. ಜಾಕೆಟ್ ಜೇಬಲ್ಲಿ ಉಳಿದ ನಾಲ್ಕು ಸಾಸಿವೆ ಕಾಳು, ವೆಲ್ಕ್ರೋಗೆ ಅಂಟ್ಕೊಂಡ ಹುಲ್ಲಿನ ಬೀಜ, ಬ್ಯಾಗಿನ ಮೂಲೇಲಿ ಬಿದ್ದ ಕೊತ್ತಂಬರಿ ಬೀಜ, ಎಲ್ಲಾ ಲೆಕ್ಕಕ್ಕೆ ಬರತ್ತೆ, ಹಾಗಾಗಿ ಹೊರಡೋ ಹಿಂದಿನ ದಿನ ಜೇಬೆಲ್ಲ ಹೊರಗೆಳೆದು ಬ್ಯಾಗನ್ನ ವ್ಯಾಕ್ಯೂಮ್ ಮಾಡಿ. ಮಸಾಲೆ ಬೇಕಂದ್ರೆ ಹುರಿದು ಪುಡಿ ಮಾಡಿದ್ದನ್ನೇ ತಗೊಳ್ಳಿ, ಇಡೀ ಕಾಳು ಬೇಡ.

ಹಾಗಾದ್ರೆ ಏನು ಒಳ್ಳೇದು? ನನ್ನ ಪ್ರಕಾರ ಮೊದಲನೇ ಸ್ಥಾನ ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿಗೆ. ಪೋಲಾರ್ ಪ್ರದೇಶದ ಗಾಳಿ ಭಾರೀ ಒಣ ಗಾಳಿ, ಊರಲ್ಲಿ ಮಳೆಗಾಲದಲ್ಲಿ ಮೆತ್ತಗಾಗೋ ರೊಟ್ಟಿ ಹಪ್ಪಳ ಎಲ್ಲಾ ಅಲ್ಲಿ ಡಬ್ಬಿ ಮುಚ್ಚಳ ತೆಗೆದಿಟ್ರೂ ಗರಿಗರಿ ಇರತ್ತೆ. ಒಂದೇ ಸಮಸ್ಯೆ ದಾರೀಲಿ ಮುರಿಯೋದು, ಅದಕ್ಕೆ ರೊಟ್ಟಿ ಅಳತೆಯ ಸ್ಟೀಲ್ ಡಬ್ಬಿ ಹುಡುಕಿ, ನಡುವೆ ಬಟ್ಟೆ ಇಟ್ಟು ಬಿಗಿಯಾಗಿ ತುಂಬಿ, ಅಲುಗಾಡೋಕೆ ಜಾಗ ಇರಬಾರದು. ಅದರ ಜೊತೆ ಶೇಂಗಾ ಚಟ್ನಿ ಪುಡಿ, ಅಗಸಿ ಚಟ್ನಿ ಪುಡಿ, ಗುರೆಳ್ಳು ಪುಡಿ. ದಕ್ಷಿಣದ ಕಡೆಯವರಾದ್ರೆ ಪುಳಿಯೋಗರೆ ಗೊಜ್ಜು, ಮೆಂತ್ಯದ ಹಿಟ್ಟು. ಉಪ್ಪಿನಕಾಯಿ ತಗೊಳ್ಳೋರು ಎಣ್ಣೆ ಜಾಸ್ತಿ ಇರೋದು ಬೇಡ, ವಿಮಾನದಲ್ಲಿ ಬಾಟಲಿಯಿಂದ ಒಸರತ್ತೆ, ಒಂದು ಸಲ ಥರ್ಮಲ್ ಬಟ್ಟೆಗೆ ಉಪ್ಪಿನಕಾಯಿ ಎಣ್ಣೆ ಇಳೀತು ಅಂದ್ರೆ ಆ ವಾಸನೆ ಇಡೀ ಸೀಸನ್ ಜೊತೇಲಿರತ್ತೆ. ರೆಡಿ ಟು ಈಟ್ ಪ್ಯಾಕೆಟ್ಟು ನಾಲ್ಕೈದು ಇದ್ರೆ ಸಾಕು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ (ಡಿಎಫ್‌ಆರ್‌ಎಲ್) ನಮ್ಮ ಸೈನಿಕರಿಗೆ ಅಂತ ಬೆಳೆಸಿದ ವಿದ್ಯೆ ಇದು, ಆಹಾರನ ಪೌಚ್‌ನಲ್ಲಿ ಸೀಲ್ ಮಾಡಿ ಒತ್ತಡದಲ್ಲಿ 120 ಡಿಗ್ರಿ ಆಸುಪಾಸು ಬಿಸಿ ಮಾಡ್ತಾರೆ, ಸೂಕ್ಷ್ಮಜೀವಿ ಎಲ್ಲಾ ಸಾಯತ್ತೆ, ಫ್ರಿಜ್ ಬೇಕಿಲ್ಲ, ಕುದಿಯೋ ನೀರಲ್ಲಿ ಮುಳುಗಿಸಿದ್ರೆ ಊಟ ರೆಡಿ. ಕಾನ್ವಾಯ್‌ನಲ್ಲಿ, ಅಂದ್ರೆ ಸಾಲು ಗಾಡಿಗಳಲ್ಲಿ ಐಸ್ ಮೇಲೆ ಹೋಗೋವಾಗ ಇದರ ಬೆಲೆ ಗೊತ್ತಾಗತ್ತೆ.

ಕಾಫಿ ಬಗ್ಗೆ ಬೇರೆಯಾಗಿ ಹೇಳ್ಬೇಕು. ಇನ್‌ಸ್ಟಂಟ್ ಎಲ್ಲಾ ಕಡೆ ಸಿಗತ್ತೆ, ಫಿಲ್ಟರ್ ಕಾಫಿ ಸಿಗಲ್ಲ. ಇಬ್ಬರಿಗಾಗೋ ಚಿಕ್ಕ ಸ್ಟೀಲ್ ಫಿಲ್ಟರ್ ತಗೊಳ್ಳಿ, ಪುಡಿನ ಒಂದೇ ದೊಡ್ಡ ಪ್ಯಾಕೆಟ್ ಬದಲು ಕಾಲು ಕೆಜಿ ಕಾಲು ಕೆಜಿಯಾಗಿ ಸೀಲ್ ಮಾಡಿಸಿ, ಯಾಕಂದ್ರೆ ಒಡೆದ ಮೇಲೆ ಎರಡು ವಾರಕ್ಕೆ ಘಮ ಹೋಗತ್ತೆ. ಹಾಲಿನ ಪುಡಿ ಹಾಲಿಗೆ ಸ್ವಲ್ಪ ಚಿಕೋರಿ ಜಾಸ್ತಿ ಇರೋ ಪುಡಿನೇ ಹೊಂದತ್ತೆ, ಪ್ಯೂರ್ ಕಾಫಿ ಅದರಲ್ಲಿ ತೆಳ್ಳಗೆ ಅನ್ಸತ್ತೆ. ಮತ್ತೆ ಹಲ್ಲು ತೋರಿಸ್ಕೊಂಡು ಹೋಗಿ, ಇದು ಊಟಕ್ಕೆ ಸಂಬಂಧಪಟ್ಟದ್ದೇ. ಚಳೀಲಿ ಚಾಕೊಲೇಟು, ಚಿಕ್ಕಿ ಎಲ್ಲಾ ಕಲ್ಲಾಗತ್ತೆ, ಕಚ್ಚಿದ್ರೆ ಸಡಿಲ ಇರೋ ಫಿಲ್ಲಿಂಗ್ ಕಿತ್ತು ಬರತ್ತೆ, ತಿನ್ನೋ ಅರ್ಧ ಗಂಟೆ ಮೊದಲು ಒಳ ಜೇಬಿಗೆ ಹಾಕ್ಕೊಂಡು ಮೈ ಬಿಸಿಗೆ ಮೆತ್ತಗಾಗೋಕೆ ಬಿಡಬೇಕು.

ಕೇಪ್‌ಟೌನ್ ತನಕದ ವಿಮಾನ ಉದ್ದ, ದುಬೈ ಮೇಲೆ ಹೋದ್ರೆ ಎರಡನೇ ಹಾರಾಟವೇ ಹತ್ತು ಗಂಟೆ ಹತ್ತಿರ. ಏಷಿಯನ್ ವೆಜಿಟೇರಿಯನ್ ಮೀಲ್ ಬೇಕು ಅಂದ್ರೆ ಕನಿಷ್ಠ 24 ಗಂಟೆ ಮೊದಲು ಹೇಳಿಡಿ, ಟಿಕೆಟ್ ಆಫೀಸಿನವರು ಬುಕ್ ಮಾಡಿರ್ತಾರೆ ಅಂತ ಕೂರಬೇಡಿ, ನೀವೇ ಬುಕಿಂಗ್ ನಂಬರ್ ಹಾಕಿ ಚೆಕ್ ಮಾಡಿ. ಅದರ ಬಗ್ಗೆ ಇನ್ನೇನೂ ಹೇಳೋಕಿಲ್ಲ, ನೀರು ಕುಡೀತಾ ಇರಿ ಅಷ್ಟೇ.

ಈಗ ಕೇಪ್‌ಟೌನ್. ನನಗೆ ತುಂಬಾ ಇಷ್ಟವಾದ ವಿಷಯ ಏನಂದ್ರೆ ಈ ಊರು ಹುಟ್ಟಿದ್ದೇ ಸಮುದ್ರ ಪ್ರಯಾಣದವರಿಗೆ ತಾಜಾ ತರಕಾರಿ ಕೊಡೋದಕ್ಕೆ. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ವಾನ್ ರಿಬೆಕ್ ಇಲ್ಲಿ ಬಂದಿಳಿದಿದ್ದು ಪೂರ್ವಕ್ಕೆ ಹೋಗೋ ಹಡಗುಗಳಿಗೆ ನೀರು, ಸೊಪ್ಪು, ಹಣ್ಣು, ಮಾಂಸ ತುಂಬಿಸೋಕೆ, ತಿಂಗಳುಗಟ್ಟಲೆ ಒಣಗಿದ್ದು ತಿಂದು ವಿಟಮಿನ್ ಸಿ ಇಲ್ದೆ ಸ್ಕರ್ವಿ ಬಂದು ನಾವಿಕರು ಸಾಯ್ತಿದ್ರು. ಅವರು ಮಾಡಿದ ತೋಟ ಊರಿನ ನಡುವೆ ಇವತ್ತಿಗೂ ಇದೆ, ಕಂಪನೀಸ್ ಗಾರ್ಡನ್ ಅಂತ, ಅದೇ ಕಾಲದ್ದು ಅಂತ ಹೇಳೋ ಒಂದು ಪೇರ್ ಮರನೂ ಇದೆ, ಬುಡ ಟೊಳ್ಳಾಗಿ ಕಬ್ಬಿಣದ ಆಸರೆ ಕೊಟ್ಟು ನಿಲ್ಸಿದ್ದಾರೆ. ಅಂಟಾರ್ಕ್ಟಿಕಾಗೆ ಹೋಗೋ ನಾವೂ ಅದೇ ಕೆಲಸಕ್ಕೇ ಅಲ್ಲಿ ನಿಲ್ಲೋದು. ಬೆಳಗ್ಗೆ ಹೋಗಿ ಆ ಮರ ನೋಡಿ, ಅಲ್ಲೇ ಬೆಂಚ್ ಮೇಲೆ ಕೂತು ಹಣ್ಣು ತಿನ್ನಿ.

ಯಾವ ಹಣ್ಣು ಅಂದ್ರೆ ನವೆಂಬರ್ ಡಿಸೆಂಬರ್‌ನಲ್ಲಿ ಹೋಗೋರಿಗೆ ಸ್ಟ್ರಾಬೆರಿ, ಸಿರೀಸ್ ಕಡೆಯ ಚೆರಿ, ಏಪ್ರಿಕಾಟ್, ಪೀಚ್. ಡಿಸೆಂಬರ್ ಕೊನೆ ಜನವರೀಲಿ ಲಿಚಿ, ಮಾವಿನಹಣ್ಣು ಬರತ್ತೆ. ಪಿಕ್ ಎನ್ ಪೇ, ಚೆಕರ್ಸ್, ವೂಲ್‌ವರ್ತ್ಸ್ ಯಾವ ಸೂಪರ್‌ಮಾರ್ಕೆಟ್ ಆದ್ರೂ ಸರಿ. ಸೌತೆಕಾಯಿ, ಟೊಮೇಟೊ, ಲೆಟ್ಯೂಸ್, ಅವಕಾಡೊ, ನಿಂಬೆಹಣ್ಣು ತಂದು ರೂಮಲ್ಲೇ ಕೋಸಂಬರಿ ಥರ ಕಲೆಸಿ ದಿನಾ ಒಂದು ಬಟ್ಟಲು ತಿನ್ನಿ, ಹೊರಗಿನ ಊಟ ಏನೇ ಆದ್ರೂ ಇದು ತಪ್ಪಿಸ್ಬೇಡಿ. ನಲ್ಲಿ ನೀರು ಕುಡಿಯೋಕೆ ಚೆನ್ನಾಗಿದೆ, ಬಾಟಲಿ ದುಡ್ಡು ಉಳೀತು. ಆದ್ರೆ 2018ರಲ್ಲಿ ಆ ಊರಲ್ಲಿ ನಲ್ಲಿನೇ ನಿಲ್ಲಿಸೋ ಹಂತಕ್ಕೆ ಬರ ಬಂದಿತ್ತು, ಅಲ್ಲಿನವರು ನೀರನ್ನ ತುಂಬಾ ಜೋಪಾನ ಮಾಡ್ತಾರೆ, ನಾವೂ ಮಾಡೋಣ.

ಬಿಸಿ ಊಟಕ್ಕೆ ಬೊ-ಕಾಪ್ ಬಿಡ್ಬೇಡಿ. ಬಣ್ಣ ಬಣ್ಣದ ಮನೆಗಳ ಇಳಿಜಾರು ಬೀದಿ, ಫೋಟೋ ಎಲ್ಲಾರೂ ತೆಗೀತಾರೆ, ಊಟ ಮಾಡೋರು ಕಮ್ಮಿ. ಡಚ್ಚರು ಇಂಡೋನೇಷ್ಯಾ, ಶ್ರೀಲಂಕಾ, ನಮ್ಮ ಮಲಬಾರ್, ಕೋರಮಂಡಲ, ಬಂಗಾಳ ಇಲ್ಲೆಲ್ಲಿಂದ ಗುಲಾಮರಾಗಿ ಹಿಡ್ಕೊಂಡು ಹೋದ ಜನರ ಮಕ್ಕಳು ಮೊಮ್ಮಕ್ಕಳ ಅಡುಗೆ ಅದು, ಕೇಪ್ ಮಲಯ್ ಅಂತಾರೆ. ಬೊಬೋಟಿ ಅಂತ ಒಂದಿದೆ, ಕೈಮಾಗೆ ಅರಿಶಿನ, ಮಸಾಲೆ, ಒಣದ್ರಾಕ್ಷಿ ಹಾಕಿ ಮೇಲೆ ಮೊಟ್ಟೆ ಹಾಲು ಸುರಿದು ಓವನ್‌ನಲ್ಲಿ ಬೇಯಿಸ್ತಾರೆ, ಜೊತೆಗೆ ಹಳದಿ ಅನ್ನ. ಸಿಹಿ ಖಾರ ಒಟ್ಟಿಗೆ ಬರತ್ತೆ, ಮೊದಲ ತುತ್ತಿಗೆ ವಿಚಿತ್ರ ಅನ್ಸಿದ್ರೂ ಮೂರನೇ ತುತ್ತಿಗೆ ಹಿಡಿಸತ್ತೆ. ದನದ ಮಾಂಸ ತಿನ್ನದೇ ಇರೋರು ಕೇಳಿ ಆರ್ಡರ್ ಮಾಡಿ. ಸಸ್ಯಾಹಾರಿಗಳಿಗೆ ಆಲೂ ಸಮೋಸಾ, ರೋಟಿ ಜೊತೆ ತರಕಾರಿ ಕರಿ, ಬೇಳೆ ಹಾಕಿದ ಬ್ರೆಯಾನಿ, ಮಾವಿನಕಾಯಿ ಅಚಾರ್. ಆದ್ರೆ ಬರೀ "ವೆಜ್" ಅಂತ ಹೇಳಿದ್ರೆ ಸಾಲಲ್ಲ, ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ ಅಂತ ಮೂರನ್ನೂ ಬಿಡಿಸಿ ಹೇಳಿ. ಭಾನುವಾರ ಬೆಳಗ್ಗೆ ಕೋಸಿಸ್ಟರ್ ಸಿಗತ್ತೆ, ಏಲಕ್ಕಿ, ದಾಲ್ಚಿನ್ನಿ, ಸೋಂಪು, ಶುಂಠಿ ಹಾಕಿದ ಹಿಟ್ಟನ್ನ ಕರಿದು, ಪಾಕದಲ್ಲಿ ಅದ್ದಿ, ಮೇಲೆ ಕೊಬ್ಬರಿ ತುರಿ ಉದುರಿಸ್ತಾರೆ, ಬಿಸಿ ಇರೋವಾಗಲೇ ತಿನ್ಬೇಕು, ತಣ್ಣಗಾದ್ರೆ ಅರ್ಧ ಸುಖ ಹೋಯ್ತು. ಅದೇ ಬಡಾವಣೆ ವೇಲ್ ಸ್ಟ್ರೀಟಲ್ಲಿ ಅಟ್ಲಾಸ್ ಟ್ರೇಡಿಂಗ್ ಅನ್ನೋ ಹಳೇ ಮಸಾಲೆ ಅಂಗಡಿ ಇದೆ, ನೀವು ಮನೇಲಿ ಬಿಟ್ಟು ಬಂದ ಸಾಸಿವೆ ಜೀರಿಗೆ ಇಂಗು ಎಲ್ಲಾ ಅಲ್ಲಿ ಸಿಗತ್ತೆ, ಕೇಪ್‌ಟೌನ್‌ನಲ್ಲಿ ಇರೋವಷ್ಟು ದಿನದ ಅಡುಗೆಗೆ ತಗೊಳ್ಳಿ.

ಕರಾವಳಿಯವರು ಕಾಕ್ ಬೇ ಅಥವಾ ಹೌಟ್ ಬೇ ಬಂದರಿಗೆ ಹೋಗಿ ಮೀನು ತಿನ್ನಿ. ಸ್ನೂಕ್ ಅಂತ ಉದ್ದದ ಮೀನು, ಕೆಂಡದ ಮೇಲೆ ಏಪ್ರಿಕಾಟ್ ಜಾಮ್ ಸವರಿ ಸುಡ್ತಾರೆ, ಮುಳ್ಳು ಸಿಕ್ಕಾಪಟ್ಟೆ, ಮಾತಾಡ್ತಾ ತಿನ್ನೋ ಮೀನಲ್ಲ. ಯಾರಾದ್ರೂ ಬ್ರಾಯ್‌ಗೆ ಕರೆದ್ರೆ ಖಂಡಿತಾ ಹೋಗಿ, ಕೆಂಡದ ಅಡುಗೆ ಅಲ್ಲಿನವರಿಗೆ ಹಬ್ಬ ಇದ್ದಂಗೆ, ಸಸ್ಯಾಹಾರಿಗಳಿಗೂ ಮೆಕ್ಕೆಜೋಳದ ತೆನೆ ಇರತ್ತೆ, ಚೀಸ್ ಟೊಮೇಟೊ ಈರುಳ್ಳಿ ಇಟ್ಟು ಕೆಂಡದಲ್ಲೇ ಸುಟ್ಟ ಬ್ರೆಡ್ಡು ಇರತ್ತೆ, ಅದರ ರುಚಿ ಮನೆ ಟೋಸ್ಟರ್‌ನಲ್ಲಿ ಬರಲ್ಲ.

ಇಷ್ಟೆಲ್ಲಾ ಹೇಳಿ ಒಂದು ಎಚ್ಚರಿಕೆ. ಅಂಟಾರ್ಕ್ಟಿಕಾ ವಿಮಾನ ಟೈಮ್‌ಟೇಬಲ್ ಪ್ರಕಾರ ಹೊರಡಲ್ಲ, ಅಲ್ಲಿನ ಹವಾಮಾನ ನೋಡ್ಕೊಂಡು ಹೊರಡತ್ತೆ. ಇವತ್ತು ಅಂದಿದ್ದು ನಾಲ್ಕು ದಿನ ಮುಂದಕ್ಕೆ ಹೋಗಬಹುದು, ನಾಳೆ ಅಂದಿದ್ದು ಇವತ್ತು ರಾತ್ರಿನೇ ಬನ್ನಿ ಅಂತ ಫೋನ್ ಬರಬಹುದು. ಅದಕ್ಕೆ ಹೊರಡೋ ಮೊದಲಿನ ಬ್ರೀಫಿಂಗ್ ಆದ ಮೇಲೆ ಹೊಸ ಹೊಸ ಪ್ರಯೋಗ ನಿಲ್ಸಿ, ಸಿಂಪಿ, ಹಸಿ ಮೀನು, ಬೀದಿ ಬದಿಯ ಎಣ್ಣೆ ತಿಂಡಿ ಯಾವುದೂ ಬೇಡ, ಗೊತ್ತಿರೋ ಹಗುರ ಊಟ ಮಾಡಿ. ಮದ್ಯ ಅಂತೂ ಆ ದಿನಗಳಲ್ಲಿ ಮುಟ್ಟಲೇಬೇಡಿ. ಹೊಟ್ಟೆ ಕೆಟ್ಟಿರೋವಾಗ ಐದು ಪದರ ಬಟ್ಟೆ ಹಾಕ್ಕೊಂಡು ಕಾರ್ಗೋ ವಿಮಾನದಲ್ಲಿ ಆರು ಗಂಟೆ ಕೂರೋದು ಯಾರಿಗೂ ಬೇಡ. ಇಲ್ಯೂಶಿನ್ ಒಳಗೆ ಒಂದು ಕಡೆ ಸೀಟು, ಇನ್ನೊಂದು ಕಡೆ ಬಲೆ ಹಾಕಿ ಬಿಗಿದ ಸಾಮಾನು, ಕಿಟಕಿ ಇಲ್ಲ ಅನ್ನೋ ಹಂಗೆ, ಸದ್ದು ಎಷ್ಟಂದ್ರೆ ಪಕ್ಕದವರ ಮಾತು ಕೇಳಲ್ಲ. ತಿನ್ನೋಕೆ ಡಬ್ಬಿ ತಿಂಡಿ ಕೊಡ್ತಾರೆ. ಕಿವಿಗೆ ಪ್ಲಗ್, ಕೈಗೆ ಒಂದು ಬಾಳೆಹಣ್ಣು, ಒಂದು ಕಿತ್ತಳೆ, ಇದನ್ನ ಇಳಿಯೋ ಮೊದಲೇ ತಿಂದು ಮುಗಿಸಿ ಸಿಪ್ಪೆ ಬೀಜ ವಿಮಾನದ ಕಸದ ಚೀಲಕ್ಕೇ ಹಾಕಿ. ಇಳಿಯೋ ಒಂದು ಗಂಟೆ ಮೊದಲು ಪೋಲಾರ್ ಬಟ್ಟೆ ಹಾಕ್ಕೊಳ್ಳೋಕೆ ಹೇಳ್ತಾರೆ, ಅದಕ್ಕೆ ಮುಂಚೆ ಟಾಯ್ಲೆಟ್‌ಗೆ ಹೋಗಿ ಬನ್ನಿ, ಹಾಕ್ಕೊಂಡ ಮೇಲೆ ಕಷ್ಟ.

ಹಡಗಲ್ಲಿ ಹೋಗೋರದ್ದು ಬೇರೇನೇ ಕಥೆ. ಕೇಪ್‌ಟೌನ್ ಬಿಟ್ಟು ದಕ್ಷಿಣಕ್ಕೆ ಹೋದ ಹಾಗೆ 40 ಡಿಗ್ರಿ ಅಕ್ಷಾಂಶದಿಂದ ಶುರುವಾಗೋ ಬಿರುಗಾಳಿ ವಲಯ ಇದೆ, ರೋರಿಂಗ್ ಫಾರ್ಟೀಸ್, ಆಮೇಲೆ ಫ್ಯೂರಿಯಸ್ ಫಿಫ್ಟೀಸ್, ಆಮೇಲೆ ಸ್ಕ್ರೀಮಿಂಗ್ ಸಿಕ್ಸ್‌ಟೀಸ್ ಅಂತ ನಾವಿಕರು ಹೆಸರಿಟ್ಟಿದ್ದಾರೆ. ಗಾಳಿ ತಡೆಯೋಕೆ ನಡುವೆ ಭೂಮಿನೇ ಇಲ್ಲ, ಇಡೀ ಭೂಗೋಳ ಸುತ್ತ್ಕೊಂಡು ಬರೋ ಅಲೆ. ವಾಂತಿ ಎಲ್ಲಾರಿಗೂ ಆಗಲ್ಲ, ಆದ್ರೆ ಯಾರಿಗೆ ಆಗತ್ತೆ ಅಂತ ಮೊದಲೇ ಹೇಳೋಕಾಗಲ್ಲ, ಹಾಗಾಗಿ ಮಾತ್ರೆ ವಿಷಯ ಎಕ್ಸ್‌ಪೆಡಿಷನ್ ಡಾಕ್ಟರ್ ಹತ್ರ ಹಡಗು ಬಿಡೋ ಮೊದಲೇ ಮಾತಾಡಿ, ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೇಲಿ ನಿಲ್ಲಲ್ಲ. ಜನ ಮಾಡೋ ದೊಡ್ಡ ತಪ್ಪು ಊಟನೇ ಬಿಡೋದು. ಖಾಲಿ ಹೊಟ್ಟೆಗೆ ಇನ್ನೂ ಜಾಸ್ತಿ ಆಗತ್ತೆ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಒಣಗಿದ್ದು, ಉಪ್ಪಿರೋದು ತಿನ್ನಿ. ಇದಕ್ಕೆ ಕೇಪ್‌ಟೌನ್‌ನಲ್ಲೇ ಔಮಾ ರಸ್ಕ್ ಎರಡು ಪ್ಯಾಕೆಟ್ ತಗೊಳ್ಳಿ, ನಮ್ಮ ಬೇಕರಿ ರಸ್ಕಿಗಿಂತ ದಪ್ಪ, ಗಟ್ಟಿ, ಹಾಗೇ ಕಚ್ಚೋಕಾಗಲ್ಲ, ಟೀಲಿ ಅದ್ದಿ ಹತ್ತು ಎಣಿಸಿ ತೆಗೆದ್ರೆ ಒಳಗೆ ಮೆತ್ತಗೆ ಹೊರಗೆ ಇನ್ನೂ ಸ್ವಲ್ಪ ಗಟ್ಟಿ ಇರತ್ತೆ, ಹದಿನೈದು ಎಣಿಸಿದ್ರೆ ಲೋಟದ ತಳಕ್ಕೆ ಹೋಯ್ತು. ಒಣ ಶುಂಠಿ ತುಂಡು ಅಥವಾ ಶುಂಠಿ ಪೆಪ್ಪರ್‌ಮೆಂಟು ಜೇಬಲ್ಲಿರಲಿ. ಹಾಲಿನ ಟೀಗಿಂತ ಶುಂಠಿ ಹಾಕಿದ ಕಪ್ಪು ಟೀ ಒಳ್ಳೇದು. ಎಣ್ಣೆ ವಾಸನೆ ಬರೋ ಅಡುಗೆಮನೆ ಪಕ್ಕ ಕೂರಬೇಡಿ, ಹಡಗಿನ ನಡು ಭಾಗದಲ್ಲಿ ಅಲುಗಾಟ ಕಮ್ಮಿ, ಆಗಾಗ ಡೆಕ್‌ಗೆ ಬಂದು ದಿಗಂತ ನೋಡಿ.

ಹಡಗಿನ ಸಿಬ್ಬಂದಿ ರಷ್ಯನ್ನರಾದ್ರೆ ಅವರ ಅಡುಗೆ ರುಚಿ ನೋಡೋ ಅವಕಾಶ ಬಿಡ್ಬೇಡಿ. ಬೀಟ್‌ರೂಟ್ ಬೋರ್ಶ್ ಮೇಲೆ ಒಂದು ಚಮಚ ಹುಳಿ ಕ್ರೀಮ್, ಜೊತೆಗೆ ಹುಳಿ ಹುಳಿ ಕಪ್ಪು ಬ್ರೆಡ್ಡು, ಹೊರಗೆ ಗಾಳಿ ಬೀಸ್ತಾ ಇರೋವಾಗ ಅದಕ್ಕೆ ಸಮ ಯಾವುದಿಲ್ಲ, ಸಸ್ಯಾಹಾರಿಗಳು ಮಾತ್ರ ಸಾರಿಗೆ ಮೂಳೆ ಹಾಕಿದ್ದಾರಾ ಕೇಳಿ. ಸಮುದ್ರ ಜೋರಾದಾಗ ಮೇಜಿನ ಬಟ್ಟೆನ ಒದ್ದೆ ಮಾಡಿ ಹಾಸ್ತಾರೆ, ತಟ್ಟೆ ಜಾರಬಾರದು ಅಂತ. ಲೋಟ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಸೂಪಿನ ಬಟ್ಟಲನ್ನ ಮೇಜಿನ ಮೇಲೆ ಬಿಡದೆ ಕೈಯಲ್ಲೇ ಹಿಡ್ಕೊಳ್ಳಿ, ನಡೆಯೋವಾಗ ಒಂದು ಕೈ ಸದಾ ಕಂಬಿ ಮೇಲಿರಲಿ, ಎರಡೂ ಕೈಯಲ್ಲಿ ಬಿಸಿ ಲೋಟ ಹಿಡ್ಕೊಂಡು ಮೆಟ್ಟಿಲು ಇಳಿಯೋದು ಮಾತ್ರ ಯಾವತ್ತೂ ಬೇಡ.

ಸ್ಟೇಷನ್‌ನಲ್ಲಿ ಇರೋವಾಗಿನ ಊಟದ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ. ಮೂರು ಮಾತು ಮಾತ್ರ. ಒಂದು, ಗಾಳಿ ಒಣ ಇದ್ರೂ ಬಾಯಾರಿಕೆ ಗೊತ್ತಾಗಲ್ಲ, ಫ್ಲಾಸ್ಕಲ್ಲಿ ಬಿಸಿ ನೀರು ಇಟ್ಕೊಂಡು ಕುಡೀತಾ ಇರಿ. ಎರಡು, ಬೇಸಿಗೇಲಿ ಸೂರ್ಯ ಮುಳುಗಲ್ಲ, ರಾತ್ರಿ ಹತ್ತಕ್ಕೂ ಹೊರಗೆ ಬಿಸಿಲು, ಕಾಫಿ ಕುಡೀತಾನೇ ಇದ್ರೆ ನಿದ್ದೆ ಹಾಳು, ಮಧ್ಯಾಹ್ನದ ಮೇಲೆ ರೂಯಿಬೊಸ್ ಒಳ್ಳೇದು, ಕೇಪ್‌ಟೌನ್‌ಗೆ ಉತ್ತರದಲ್ಲಿರೋ ಸೀಡರ್‌ಬರ್ಗ್ ಗುಡ್ಡದ ಕಡೆ ಬೆಳೆಯೋ ಗಿಡದ ಕೆಂಪು ಟೀ, ಅದರಲ್ಲಿ ಕೆಫೀನ್ ಇಲ್ಲ, ಹಾಲು ಹಾಕಿದ್ರೂ ಚೆನ್ನಾಗಿರತ್ತೆ, ನಿಂಬೆ ಹಿಂಡಿದ್ರೂ ಚೆನ್ನಾಗಿರತ್ತೆ, ಹೋಗೋವಾಗಲೇ ಒಂದು ದೊಡ್ಡ ಡಬ್ಬ ತಗೊಳ್ಳಿ. ಮೂರು, ಉಳಿದ ಊಟನ ಹೊರಗೆ ಹಾಕಬೇಡಿ, ಸ್ಕುವಾ ಹಕ್ಕಿ ಹತ್ತಿರ ಬಂದು ನಿಂತ್ರೂ ಒಂದು ತುಣುಕೂ ಎಸೀಬೇಡಿ, ಅದರಲ್ಲೂ ಕೋಳಿ ಮೂಳೆ. 2024ರ ಫೆಬ್ರವರೀಲಿ ಹಕ್ಕಿಜ್ವರ ಅಂಟಾರ್ಕ್ಟಿಕಾದ ಮುಖ್ಯ ಭೂಭಾಗಕ್ಕೂ ಬಂದಿರೋದು ಪತ್ತೆಯಾಯ್ತು, ಸ್ಕುವಾಗಳಲ್ಲೇ. ನಮ್ಮ ಒಂದು ಹೊತ್ತಿನ ಅಸಡ್ಡೆಗೆ ಅವು ಬೆಲೆ ಕೊಡಬಾರದು.

ಇನ್ನು ವಾಪಸ್ ಬರೋದು. ಇದನ್ನ ಎಲ್ಲರೂ ಕಡೆಗಣಿಸ್ತಾರೆ, ನನಗೆ ಮಾತ್ರ ಇದೇ ಮುಖ್ಯ ಅನ್ಸತ್ತೆ. ತಿಂಗಳುಗಟ್ಟಲೆ ಹಿಮ, ಕಲ್ಲು, ಡೀಸೆಲ್ ವಾಸನೆ ಬಿಟ್ರೆ ಮೂಗಿಗೆ ಬೇರೇನೂ ಸಿಕ್ಕಿರಲ್ಲ. ಕೇಪ್‌ಟೌನ್‌ನಲ್ಲಿ ವಿಮಾನದ ಬಾಗಿಲು ತೆಗೆದ ತಕ್ಷಣ ಮಣ್ಣು, ಹುಲ್ಲು, ಎಲೆ ಎಲ್ಲದರ ವಾಸನೆ ಒಟ್ಟಿಗೆ ಬಡಿಯತ್ತೆ, ಸೂಪರ್‌ಮಾರ್ಕೆಟ್ಟಿನ ಹಣ್ಣಿನ ಸಾಲಲ್ಲಿ ನಿಂತ್ರೆ ಏನು ಎತ್ಕೊಳ್ಳೋದು ಅಂತಾನೇ ತಿಳಿಯಲ್ಲ. ಮೊದಲ ದಿನ ಒಂದೇ ಹಣ್ಣು ಆರಿಸ್ಕೊಳ್ಳಿ. ಫೆಬ್ರವರಿ ಮಾರ್ಚಲ್ಲಿ ಬರೋರಿಗೆ ದ್ರಾಕ್ಷಿ, ಅಂಜೂರ, ಆಮೇಲೆ ಸೇಬು ಪೇರ್ ಕಾಲ. ಹಾನಪೂಟ್ ಅಂತ ಒಂದು ಹಳದಿ ಹಸಿರು ದ್ರಾಕ್ಷಿ ಇದೆ, ಬೀಜ ಇರತ್ತೆ, ಸಿಪ್ಪೆ ದಪ್ಪ, ಆದ್ರೆ ಜೇನಿನಂಥ ಘಮ, ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಚಳಿಗಾಲನೂ ಅಲ್ಲೇ ಕಳೆದು ನವೆಂಬರ್ ಡಿಸೆಂಬರ್‌ನಲ್ಲಿ ಬರೋ ವಿಂಟರ್ ಟೀಮಿನವರಿಗೆ ಚೆರಿ ಕಾಲ. ಒಂದು ಗೊಂಚಲು, ಒಂದು ಹಿಡಿ, ಅಷ್ಟೇ, ನಿಧಾನವಾಗಿ ಒಂದೊಂದೇ. ಅಷ್ಟು ದಿನ ಬೇಯಿಸಿದ್ದೇ ತಿಂದ ಹೊಟ್ಟೆಗೆ ಒಂದೇ ಸಲ ಹಸಿ ಸೊಪ್ಪು, ಹಸಿ ತರಕಾರಿ, ಕೆಜಿಗಟ್ಟಲೆ ಹಣ್ಣು ಹೋದ್ರೆ ಉಬ್ಬರ, ಭೇದಿ ಖಾತ್ರಿ. ಎರಡನೇ ದಿನ ಸ್ವಲ್ಪ ಸಲಾಡ್, ಮೂರನೇ ದಿನದಿಂದ ಇಷ್ಟ ಬಂದಂಗೆ. ಇನ್ನೊಂದು, ಹೊಸ ಸೋಂಕೇ ಇಲ್ಲದ ಚಿಕ್ಕ ಗುಂಪಲ್ಲಿ ಇದ್ದು ಬಂದಿರ್ತೀರ, ಊರಿಗೆ ಬಂದ ತಕ್ಷಣ ನೆಗಡಿ ಹಿಡಿಯೋದು ಮಾಮೂಲು, ಕೈ ತೊಳೆಯೋದು ಮರೀಬೇಡಿ, ಬಫೆ ಊಟ ಮೊದಲೆರಡು ದಿನ ಬೇಡ.

ಹೊಟ್ಟೆ ದಾರಿಗೆ ತರೋಕೆ ನನಗೆ ಗೊತ್ತಿರೋ ಅತ್ಯುತ್ತಮ ಉಪಾಯ ಮೊಸರನ್ನ. ಆಮಾಸಿ ಅಂತ ದಕ್ಷಿಣ ಆಫ್ರಿಕಾದಲ್ಲಿ ಹುಳಿ ಹಾಲು ಸಿಗತ್ತೆ, ಬಾಟಲಿ ಇಲ್ಲಾ ಪ್ಯಾಕೆಟ್ಟಲ್ಲಿ, ಎಲ್ಲಾ ಸೂಪರ್‌ಮಾರ್ಕೆಟ್ಟಲ್ಲೂ ಇರತ್ತೆ, ಗಟ್ಟಿ ಮಜ್ಜಿಗೆ ಹದ, ನಮ್ಮ ಮನೆ ಮೊಸರಿನ ಹುಳಿ. ಅಲ್ಲಿನ ಜನ ಅದನ್ನ ಪಾಪ್ ಅನ್ನೋ ಮೆಕ್ಕೆಜೋಳದ ಹಿಟ್ಟಿನ ಗಂಜಿ ಜೊತೆ ತಿಂತಾರೆ. ಗೆಸ್ಟ್‌ಹೌಸಲ್ಲಿ ಒಲೆ ಇದ್ರೆ ಅನ್ನನ ಸ್ವಲ್ಪ ಮೆತ್ತಗೆ ಮಾಡಿ, ಚೆನ್ನಾಗಿ ಆರಿಸಿ, ಆಮಾಸಿ ಬಾಟಲಿ ಕುಲುಕಿ ಸುರಿದು ಕಲೆಸಿ, ಸಾಸಿವೆ ಇಂಗು ಒಣ ಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಸೌತೆಕಾಯಿ ಸಣ್ಣಗೆ ಹೆಚ್ಚಿ, ದ್ರಾಕ್ಷಿ ಎರಡಾಗಿ ಸೀಳಿ ಹಾಕಿ, ಹಸಿ ಕೊತ್ತಂಬರಿ ಸೊಪ್ಪು ಕೈಯಲ್ಲೇ ಮುರಿದು ಉದುರಿಸಿ. ಬಿಸಿ ಅನ್ನಕ್ಕೆ ಹಾಕಿದ್ರೆ ಒಡೆದು ನೀರು ಬಿಡತ್ತೆ, ಅದಕ್ಕೆ ಆರಿಸಿ ಅಂದಿದ್ದು. ಟೀಮಿನ ಉತ್ತರ ಭಾರತದವರೂ ಎರಡನೇ ಸಲ ಬಡಿಸ್ಕೊಳ್ತಾರೆ, ಆದ್ರಿಂದ ಸ್ವಲ್ಪ ಜಾಸ್ತಿನೇ ಕಲೆಸಿ.

ವೈನ್ ಕುಡಿಯೋರು ಅದನ್ನ ಹೋಗೋವಾಗಲ್ಲ, ಬರೋವಾಗ ಇಟ್ಕೊಳ್ಳಿ. ಊರಿಂದ ಅರ್ಧ ಗಂಟೆ ದೂರದಲ್ಲಿ ಕಾನ್‌ಸ್ಟಾನ್ಶಿಯಾ ಇದೆ, 1685ರಿಂದ ದ್ರಾಕ್ಷಿ ತೋಟ ಇರೋ ಜಾಗ, ನೆಪೋಲಿಯನ್ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆ ಇದ್ದಾಗ ಇಲ್ಲಿನ ಸಿಹಿ ವೈನೇ ತರಿಸ್ಕೊಳ್ತಿದ್ದ. ಸ್ಟೆಲನ್‌ಬಾಷ್ ಸ್ವಲ್ಪ ದೂರ, ಅಲ್ಲೇ 1925ರಲ್ಲಿ ಪಿನೋ ನ್ವಾರ್ ಮತ್ತೆ ಸಿನ್ಸೋ ತಳಿ ಕೂಡಿಸಿ ಪಿನೊಟಾಜ್ ಅನ್ನೋ ಹೊಸ ದ್ರಾಕ್ಷಿ ಮಾಡಿದ್ರು, ಅಲ್ಲಿಗೆ ಹೋದ್ಮೇಲೆ ಅದರ ರುಚಿ ನೋಡಲೇಬೇಕು. ತಿಂಗಳುಗಟ್ಟಲೆ ಕುಡಿಯದೇ ಇದ್ದವರಿಗೆ, ಇಲ್ಲಾ ಅಪರೂಪಕ್ಕೆ ಕುಡಿದವರಿಗೆ, ಅರ್ಧ ಗ್ಲಾಸೇ ತಲೆಗೆ ಹೋಗತ್ತೆ, ಊಟದ ಜೊತೆಗೇ ಕುಡಿಯಿರಿ, ಟ್ಯಾಕ್ಸಿಲಿ ಹೋಗಿ ಟ್ಯಾಕ್ಸಿಲಿ ಬನ್ನಿ. ಕುಡಿಯದವರು ಸುಮ್ನೆ ಕೂರಬೇಕಾಗಿಲ್ಲ, ಎಲ್ಗಿನ್ ಕಣಿವೆಯ ಸೇಬಿನಿಂದ ಶುರುವಾದ ಆಪಲ್‌ಟೈಸರ್ ಅಂತ ಗುಳ್ಳೆ ಬರೋ ಸೇಬಿನ ರಸ ಇದೆ, ಸಕ್ಕರೆ ಬೆರೆಸಿರಲ್ಲ, ತಣ್ಣಗೆ ಕುಡಿದ್ರೆ ಬಾಯೆಲ್ಲಾ ಸೇಬು.

ಮನೆಗೆ ತರೋದಕ್ಕೆ ರೂಯಿಬೊಸ್, ಔಮಾ ರಸ್ಕ್, ಒಣ ಏಪ್ರಿಕಾಟ್ ಪ್ಯಾಕೆಟ್ಟು ಒಳ್ಳೇದು, ತೂಕ ಕಮ್ಮಿ, ಕೆಡಲ್ಲ. ಬಿಲ್ಟಾಂಗ್ ಅನ್ನೋ ಒಣ ಮಾಂಸ ಇಷ್ಟವಾದವರು ಅಲ್ಲೇ ತಿಂದು ಬನ್ನಿ, ಮಾಂಸ ಇಲ್ಲಿನ ಕಸ್ಟಮ್ಸಲ್ಲಿ ತೊಂದರೆ, ಹೆಚ್ಚಿನದು ದನದ್ದೇ ಬೇರೆ. ಮದ್ಯ ಒಬ್ಬರಿಗೆ ಎರಡು ಲೀಟರ್ ತನಕ ಸುಂಕ ಇಲ್ದೆ ತರಬಹುದು, ಅಂದ್ರೆ ಮಾಮೂಲಿ ಅಳತೆಯ ವೈನ್ ಬಾಟಲಿ ಎರಡು. ಅವನ್ನ ಚೆಕ್-ಇನ್ ಬ್ಯಾಗಲ್ಲೇ ಇಡಿ, ಕೈ ಬ್ಯಾಗಲ್ಲಿ ಇಟ್ರೆ ಸೆಕ್ಯೂರಿಟೀಲೇ ತೆಗೆದುಕೊಳ್ತಾರೆ, ಒಂದೊಂದು ಬಾಟಲಿನೂ ಒಂದೊಂದು ದಪ್ಪ ಉಣ್ಣೆ ಸಾಕ್ಸ್ ಒಳಗೆ ತೂರಿಸಿ ಬ್ಯಾಗಿನ ನಡುವೆ ಬಟ್ಟೆ ಸುತ್ತ ಬರೋ ಹಂಗೆ ಪ್ಯಾಕ್ ಮಾಡಿ.